ಕಿತ್ತಳೆ ಬಣ್ಣದ ದಿನ

ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಊರುಗಳಲ್ಲಿ ಬೇಸಿಗೆ ಬಂತೆಂದರೆ ರಸ್ತೆ ಬದಿಯ ಅರ್ಧಚಂದ್ರಾಕಾರದ ಫಲಕ ನೋಡದೆ ದಿನ ಶುರುವಾಗುವುದಿಲ್ಲ. ಮುಳ್ಳು ಕಿತ್ತಳೆ ಬಣ್ಣದ ಮೇಲಿದ್ದರೆ ಅಂದು ‘ಎಕ್ಸ್‌ಟ್ರೀಮ್’. ಹೊಸದಾಗಿ ಬಂದ ನಮ್ಮವರು ಅದನ್ನು ಬಿಸಿಲಿನ ಅಳತೆ ಎಂದುಕೊಳ್ಳುವುದುಂಟು. ಕಾಳ್ಗಿಚ್ಚು ಎದ್ದರೆ ಎಷ್ಟು ಉಗ್ರವಾಗಿರುತ್ತದೆ, ನಾವೇನು ಮಾಡಬೇಕು ಎಂಬುದನ್ನು ಅದು ಹೇಳುತ್ತದೆ. ಎಲ್ಲೂ ಹೊಗೆ ಕಾಣದಿದ್ದರೂ ಆ ಮಾತು ಬದಲಾಗದು.

2022ರ ಸೆಪ್ಟೆಂಬರ್ 1ರಿಂದ ಇಡೀ ಆಸ್ಟ್ರೇಲಿಯಾಕ್ಕೆ ಈ ಅಪಾಯದ ನಾಲ್ಕೇ ಹಂತ: ಮಾಡರೇಟ್ (ಸಾಧಾರಣ), ಹೈ (ಹೆಚ್ಚು), ಎಕ್ಸ್‌ಟ್ರೀಮ್ (ತೀವ್ರ), ಕೆಟಾಸ್ಟ್ರೋಫಿಕ್ (ಸರ್ವನಾಶಕ). ಒಣಗಿದ ಹುಲ್ಲು, ಪೊದೆ, ಗಾಳಿ, ತೇವ ಎಲ್ಲವನ್ನೂ ಲೆಕ್ಕ ಹಾಕಿದ ಸೂಚ್ಯಂಕ 50 ಮುಟ್ಟಿದರೆ ಮೂರನೆಯದು, 100 ಮುಟ್ಟಿದರೆ ಕೊನೆಯದು.

ಕಿತ್ತಳೆ ದಿನದ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ಮನೆ ಸುಡುವುದು ಹೆಚ್ಚಾಗಿ ಎದುರಿನ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ತೂರಿಬರುವ ಕೆಂಡದಿಂದ. ನೀಲಗಿರಿ ಮರದ ಉರಿಯುವ ತೊಗಟೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ಅದು ಬೀಳುವ ಜಾಗ ಯಾವುದು? ಮಾಡಿನಂಚಿನ ಗಟರ್‌ನಲ್ಲಿ ಕೂತ ಒಣ ಎಲೆ, ಮನೆಗೆ ತಾಗಿದ ಮರದ ಜಗಲಿಯ (ಡೆಕ್) ಕೆಳಗಿನ ಸೌದೆ, ಬಾಗಿಲ ಮುಂದಿನ ನಾರಿನ ಕಾಲೊರಸು. ಗಟರ್ ಸ್ವಚ್ಛ ಮಾಡಿ, ಕಾಲೊರಸು ಒಳಗಿಡಿ, ಹುಲ್ಲನ್ನು 10 ಸೆಂಟಿಮೀಟರಿಗಿಂತ ಗಿಡ್ಡವಾಗಿ ಕತ್ತರಿಸಿ. ಆದರೆ ಬಿಸಿಗಾಳಿಯ ದಿನ ಮೋವರ್ ಓಡಿಸಲೇಬೇಡಿ, ಅಲಗು ಕಲ್ಲಿಗೆ ತಗುಲಿದ ಒಂದು ಕಿಡಿಯೂ ಬೆಂಕಿ ಹಚ್ಚೀತು. ಗಾಳಿಕಿಂಡಿಗಳಿಗೆ 2 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ ಬೇಕು, ಪ್ಲಾಸ್ಟಿಕ್ಕಿನದು ಕರಗಿಹೋಗುತ್ತದೆ.

ತೊಟ್ಟಿಯಲ್ಲಿ ನೀರಿದೆ, ಪಂಪ್ ಇದೆ ಎಂಬ ಧೈರ್ಯ ಮೊದಲ ಹೊಡೆತಕ್ಕೇ ಕುಸಿಯುತ್ತದೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ನೆಲದ ಮೇಲಿನ ಪಿವಿಸಿ ಪೈಪ್ ಮೆತ್ತಗಾಗುತ್ತದೆ, ನಲ್ಲಿಯಲ್ಲಿ ಒತ್ತಡ ಇಳಿಯುತ್ತದೆ. ಅದಕ್ಕೇ ಡೀಸೆಲ್ ಪಂಪು, ಲೋಹದ ಕೊಳವೆ. ಇವೆಲ್ಲ ಇದ್ದರೂ ಮಕ್ಕಳು, ವಯಸ್ಸಾದವರು ಇರುವ ಮನೆಯವರು ಹೊರಟುಬಿಡುವುದೇ ಸರಿ. ಪಾಸ್‌ಪೋರ್ಟ್, ಔಷಧಿ, ಉಣ್ಣೆ ಕಂಬಳಿ, ಬ್ಯಾಟರಿ ರೇಡಿಯೊ ಕಾರಿನಲ್ಲಿರಲಿ. ಹತ್ತಿ ಬಟ್ಟೆ ತೊಡಿ; ನೈಲಾನ್ ಬಿಸಿಗೆ ಕರಗಿ ಮೈಗಂಟುತ್ತದೆ.

ಕಡುಗೆಂಪು ಕೆಟಾಸ್ಟ್ರೋಫಿಕ್ ಆದರೆ ಚರ್ಚೆಯೇ ಬೇಡ. ಹಿಂದಿನ ರಾತ್ರಿ ಅಥವಾ ನಸುಕಿನಲ್ಲೇ ಕಾಡಂಚು ಬಿಡಬೇಕು.

ಗಾಳಿ ತಿರುಗುವ ಹೊತ್ತನ್ನೂ ಮುನ್ಸೂಚನೆಯಲ್ಲಿ ನೋಡಿಕೊಳ್ಳಿ. 2009ರ ಫೆಬ್ರವರಿ 7ರ ಕಾಳ್ಗಿಚ್ಚಿಗೆ ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ತೀರಿಕೊಂಡರು. ಅಂದು ಸಂಜೆ ನೈಋತ್ಯದ ಗಾಳಿ ಬೀಸಿದ್ದೇ ತಡ, ಕಿಚ್ಚಿನ ಉದ್ದನೆಯ ಪಕ್ಕವೇ ಮುಂಭಾಗವಾಗಿ ಊರುಗಳತ್ತ ನುಗ್ಗಿತು. ತಂಪುಗಾಳಿ ಬಂತೆಂದು ಬಾಗಿಲು ತೆರೆದು ನಿಲ್ಲುವ ಹೊತ್ತಲ್ಲ ಅದು. ಆ ವೇಳೆಗೆ ನಿಮ್ಮ ಕಾರು ದೂರದ ಪೇಟೆಯಲ್ಲಿರಬೇಕು.