ನೇರ ಗೆರೆಯೇ ಬರದವರು ವಸ್ತುಗಳನ್ನು ಬಿಡಿಸಬಹುದೇ?

"ನಂಗೆ ಒಂದು ನೇರ ಗೆರೆ ಎಳೆಯೋಕೂ ಬರಲ್ಲ. ಕಪ್, ಟಾರ್ಚ್, ಇಸ್ತ್ರಿಪೆಟ್ಟಿಗೆಯಂಥ ವಸ್ತುಗಳನ್ನ ಕೈಗೆ ಸಿಗೋ ಹಾಗೆ, ಮೂರು ಆಯಾಮದಲ್ಲಿ ಬಿಡಿಸೋದು ಕಲೀಬಹುದಾ?" ನನ್ನ ಸ್ಕೆಚ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು.

ಖಂಡಿತ ಕಲಿಯಬಹುದು. ಬೆರಳು ಬಿಗಿಹಿಡಿಯದೆ ಭುಜದಿಂದ ಕೈ ಬೀಸಿ ಎಳೆಯುವ ಅಭ್ಯಾಸವಾದರೆ ಗೆರೆ ತಾನಾಗಿ ನೆಟ್ಟಗಾಗುತ್ತದೆ. ನಾನು ಒತ್ತಿ ಹೇಳುವುದು ಬೇರೆಯದನ್ನು: ವಸ್ತು ಗಾಜಿನದ್ದು ಅಂದುಕೊಂಡು ಬಿಡಿಸಿ. ಹಿಂದಿನ ಅಂಚು, ತಳ, ಒಳಗೆ ಹಾದುಹೋಗುವ ನಡುಗೆರೆ, ಎಲ್ಲವೂ ತೆಳುವಾಗಿ ಕಾಗದಕ್ಕೆ ಬರಲಿ. ಅಳಿಸಬೇಡಿ. ಕೊನೆಯಲ್ಲಿ ಹೊರ ಅಂಚನ್ನಷ್ಟೇ ದಪ್ಪ ಮಾಡಿದರೆ ಸಾಕು. ಇದಕ್ಕೆ ಸಾಧಾರಣ ಬಾಲ್ ಪೆನ್ನೇ ನನಗಿಷ್ಟ. ಹಗುರವಾಗಿ ಹಿಡಿದರೆ ಗೆರೆ ಮಸುಕಾಗಿ ಬರುತ್ತದೆ.

ಒಂದು ಕಪ್ಪನ್ನು ಮೇಜಿನ ಮೇಲಿಟ್ಟುಕೊಳ್ಳಿ. ಹೊಸದಾಗಿ ಕಲಿಯುವವರು ಬಾಯಿಗೆ ದೀರ್ಘವೃತ್ತ ಬಿಡಿಸಿ, ತಳಕ್ಕೆ ಬಂದಾಗ ಸೀದಾ ಗೆರೆ ಎಳೆದುಬಿಡುತ್ತಾರೆ. ಮೇಜು ಚಪ್ಪಟೆ ತಾನೇ, ಅನ್ನುತ್ತದೆ ಬುದ್ಧಿ. ಆದರೆ ತಳವೂ ವೃತ್ತವೇ. ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ಹೆಚ್ಚು ತೆರೆದುಕೊಂಡು, ದುಂಡಗೆ ಕಾಣಬೇಕು. ಕಪ್ಪನ್ನು ಮೆಲ್ಲಗೆ ಕಣ್ಣಿನ ಎತ್ತರಕ್ಕೆ ಎತ್ತಿ ನೋಡಿ: ಬಾಯಿ ಕಿರಿದಾಗುತ್ತ ಹೋಗಿ ಕೊನೆಗೆ ಒಂದು ಗೆರೆಯಾಗುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಸೀದಾ ತಳ ಬಿಡಿಸಲು ಕೈ ಒಪ್ಪುವುದಿಲ್ಲ.

ಓರೆಯಾಗಿ ಮಲಗಿಸಿದ ಟಾರ್ಚಿನಲ್ಲಿ ಎಡವುವುದು ದೀರ್ಘವೃತ್ತ ಯಾವ ಕಡೆ ವಾಲಬೇಕು ಎಂಬಲ್ಲಿ. ಮೊದಲು ಟಾರ್ಚಿನ ನಡುವೆ ಹಾಯುವ ಅಕ್ಷ ಎಳೆಯಿರಿ. ದೀರ್ಘವೃತ್ತದ ಗಿಡ್ಡ ಅಳತೆ ಆ ಅಕ್ಷದ ಗುಂಟ, ಉದ್ದದ ಅಳತೆ ಅದಕ್ಕೆ ಲಂಬವಾಗಿ. ಚಕ್ರ, ಗುಂಡಿ, ಬಾಟಲಿಯ ಮುಚ್ಚಳ, ಎಲ್ಲಕ್ಕೂ ಇದೇ ಲೆಕ್ಕ.

ಡಬ್ಬಿಯಾಕಾರದವು ಇದಕ್ಕಿಂತ ಸುಲಭ. ಎರಡು ವ್ಯಾನಿಶಿಂಗ್ ಪಾಯಿಂಟುಗಳು, ಅಂದರೆ ಡಬ್ಬಿಯ ಎರಡೂ ಬದಿಯ ಗೆರೆಗಳು ದೂರ ಹೋಗುತ್ತ ಒಂದಾಗಿ ಸೇರುವ ಬಿಂದುಗಳು, ಕಣ್ಣಿನ ಮಟ್ಟದ ಗೆರೆಯ ಮೇಲೆ ದೂರದೂರ ಇರಲಿ, ಕಾಗದದಾಚೆ ಹೋದರೂ ಚಿಂತೆಯಿಲ್ಲ. ಹತ್ತಿರ ಬಂದರೆ ಡಬ್ಬಿಯ ಮುಂದಿನ ಮೂಲೆ ಚೂಪಾಗಿ ಆಕಾರ ಕೆಡುತ್ತದೆ. ಇದು ಗೊಂದಲವೆನಿಸಿದರೆ ಐಸೊಮೆಟ್ರಿಕ್‌ನಿಂದ ಶುರು ಮಾಡಿ. 1822ರಲ್ಲಿ ಕೇಂಬ್ರಿಡ್ಜಿನ ವಿಲಿಯಂ ಫ್ಯಾರಿಶ್ ಯಂತ್ರಗಳನ್ನು ಚಿತ್ರಿಸಲೆಂದು ವಿವರಿಸಿದ ಪದ್ಧತಿಯಿದು. ಎತ್ತರ ನೆಟ್ಟಗೆ, ಎರಡು ಬದಿಗಳು 30 ಡಿಗ್ರಿ ಓರೆಗೆ, ದೂರ ಹೋದರೂ ಅಳತೆ ಕುಗ್ಗುವುದಿಲ್ಲ.

ಇನ್ನು ಕಪ್ಪಿನ ಹಿಡಿ. ಎಷ್ಟೋ ಒಳ್ಳೆಯ ಸ್ಕೆಚ್‌ಗಳಲ್ಲೂ ಅದು ಆಮೇಲೆ ಅಂಟಿಸಿದ ಹಾಗಿರುತ್ತದೆ. ಬಾಯಿಯ ನಡುವಿನಿಂದ ಹಿಡಿ ಇರುವ ದಿಕ್ಕಿಗೆ ಒಂದು ಗೆರೆ ಎಳೆಯಿರಿ, ತಳದಲ್ಲೂ ಅದೇ ದಿಕ್ಕಿಗೆ ಇನ್ನೊಂದು. ಎರಡನ್ನೂ ಜೋಡಿಸಿದರೆ ಕಪ್ಪನ್ನು ಸೀಳಿ ನಿಂತ ಒಂದು ಹಲಗೆ ಸಿಗುತ್ತದೆ. ಹಿಡಿಯ ಬಳುಕು ಆ ಹಲಗೆಯ ಮೇಲೆ ಬರಲಿ, ದಪ್ಪವನ್ನು ಆಮೇಲೆ ಎರಡೂ ಬದಿಗೆ ಕೊಡಿ. ಆಮೇಲೆ ಕಪ್ಪನ್ನು ಸ್ವಲ್ಪ ತಿರುಗಿಸಿ, ಅದೇ ಹಾಳೆಯಲ್ಲಿ ಮತ್ತೆ ಬಿಡಿಸಿ.