ಮ್ಯಾಕ್ ಮಿನಿಗೆ ಹೊಸ ಚಿಪ್ ಕೂರಿಸಿದ್ದು

ನನ್ನದು 2020ರ ಮ್ಯಾಕ್ ಮಿನಿ, ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್. ಒಳಗಿರುವುದು ಆಪಲ್‌ನದೇ ಎಂ1 ಪ್ರೊಸೆಸರ್. ವೇಗಕ್ಕೆ ಇವತ್ತಿಗೂ ಕೊರತೆಯಿಲ್ಲ. ಆದರೆ ಸ್ಟೋರೇಜ್ ಬರೀ 256 ಜಿಬಿ. ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಿಗೆ ಅದು ಯಾವ ಮೂಲೆಗೆ ಸಾಕು? ಹೊರಗೊಂದು ಎಸ್‌ಎಸ್‌ಡಿ ಸಿಕ್ಕಿಸಿಕೊಂಡಿದ್ದರೂ ಎಡಿಟಿಂಗ್ ಸಾಫ್ಟ್‌ವೇರಿನ ತಾತ್ಕಾಲಿಕ (ಕ್ಯಾಶ್) ಫೈಲುಗಳೆಲ್ಲ ಒಳಗೇ ತುಂಬಿಕೊಳ್ಳುತ್ತಿದ್ದವು.

ಮಾಮೂಲಿ ಪಿಸಿ ಆಗಿದ್ದರೆ ಸ್ಕ್ರೂ ಬಿಚ್ಚಿ ಹೊಸ ಡಿಸ್ಕ್ ಹಾಕಿದರೆ ಮುಗೀತು. ಇದರಲ್ಲಿ ಡೇಟಾ ಉಳಿಸಿಡುವ ನ್ಯಾಂಡ್ ಫ್ಲ್ಯಾಶ್ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅವುಗಳಲ್ಲಿ ಓದು-ಬರಹ ನಡೆಸುವ ಕಂಟ್ರೋಲರ್ ಇರುವುದು ಎಂ1 ಚಿಪ್ಪಿನೊಳಗೆ. ಕೊಳ್ಳುವಾಗಲೇ 512 ಜಿಬಿ ಬೇಕೆಂದಿದ್ದರೆ 20,000 ರೂಪಾಯಿ ಜಾಸ್ತಿ ಕೊಡಬೇಕಿತ್ತು. ಆಗ ಅಷ್ಟು ಕೈಯಲ್ಲಿರಲಿಲ್ಲ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಚಿಪ್ ಲೆವೆಲ್ ಕೆಲಸ ಮಾಡುವವರೊಬ್ಬರು ಒಪ್ಪಿಕೊಂಡರು. "ಡೇಟಾ ಒಂದೂ ಉಳಿಯಲ್ಲ ಸಾರ್, ಬ್ಯಾಕಪ್ ತಗೊಂಡೇ ಬನ್ನಿ" ಅಂದರು. ಚಿಪ್‌ನಲ್ಲಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಕಿತ್ತು ಬೇರೆ ಕಡೆ ಹಾಕಿ ಓದುತ್ತೇನೆ ಅಂದರೆ ಆಗದು. ಮ್ಯಾಕ್‌ನದೇ ಬ್ಯಾಕಪ್ ಸಾಫ್ಟ್‌ವೇರ್ ಟೈಮ್ ಮಷೀನ್‌ನಲ್ಲಿ ಎಲ್ಲ ಇಳಿಸಿಕೊಂಡು, ಮುಖ್ಯವಾದ ಫೈಲುಗಳನ್ನು ತೆರೆದು ನೋಡಿಯೇ ಹೋದೆ.

ಅವರು ಬೋರ್ಡನ್ನು ಕೆಳಗಿನಿಂದ ಬಿಸಿ ಮಾಡುವ ಪ್ರೀಹೀಟರ್ ಮೇಲಿಟ್ಟು, ಸುತ್ತಲಿನ ಭಾಗಗಳಿಗೆ ಶಾಖ ತಡೆಯುವ ಟೇಪ್ ಅಂಟಿಸಿದರು. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಅದೇ ಬೋರ್ಡಿನಲ್ಲಿ ಎಂ1 ಮತ್ತು ರ‍್ಯಾಮ್ ಕೂತಿವೆ. ಅವಕ್ಕೆ ಏಟು ಬಿದ್ದರೆ ಇಡೀ ಮಷೀನೇ ಹೋದಂತೆ. ಬಿಸಿಗಾಳಿ ಹಾಯಿಸುತ್ತಾ, ಆತುರಪಡದೆ, ಹಳೆಯ ಎರಡೂ ಚಿಪ್ ಎಬ್ಬಿಸಿದರು. ಪ್ಯಾಡುಗಳನ್ನು ಒರೆಸಿ ಹೊಳೆಯುವಂತೆ ಮಾಡಿ, ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, ತಲಾ 512 ಜಿಬಿಯ ಎರಡು ಖಾಲಿ ಚಿಪ್ ಇಟ್ಟರು. ಬೆಸುಗೆ ಕರಗಿದ ಮೇಲೆ ಚಿಮಟದ ತುದಿಯಿಂದ ಒಂದನ್ನು ಮೆಲ್ಲಗೆ ತಳ್ಳಿದರು. ಅದು ಕೂದಲೆಳೆಯಷ್ಟು ಜರುಗಿ, ತಾನಾಗಿಯೇ ಮತ್ತೆ ಜಾಗಕ್ಕೆ ಬಂತು. "ಸರಿಯಾಗಿ ಕೂತಿದೆ, ನೋಡಿ" ಅಂದರು. ಕರಗಿದ ಲೋಹದ ಸೆಳೆತವೇ ಅದನ್ನು ಎಳೆದು ಕೂರಿಸುತ್ತದೆ. ಈ ಕೈಚಳಕಕ್ಕೆ ನಾನು ಮನಸಾರೆ ತಲೆಬಾಗಿದೆ.

ಆಮೇಲಿನದು ಸಾಫ್ಟ್‌ವೇರ್ ಕೆಲಸ. ಪವರ್ ಬಟನ್ ಒತ್ತಿ ಹಿಡಿದೇ ಕರೆಂಟ್ ಕೊಟ್ಟರೆ ಮಷೀನ್ ಡಿಎಫ್‌ಯು ಮೋಡಿಗೆ, ಅಂದರೆ ಇನ್ನೊಂದು ಮ್ಯಾಕ್‌ನಿಂದ ಸಾಫ್ಟ್‌ವೇರ್ ತುಂಬಿಸಿಕೊಳ್ಳುವ ಸ್ಥಿತಿಗೆ, ಹೋಗುತ್ತದೆ. ಇನ್ನೊಂದು ಮ್ಯಾಕ್‌ಗೆ ಯುಎಸ್‌ಬಿ-ಸಿ ಕೇಬಲ್ ಹಾಕಿ, ಆಪಲ್ ಕಾನ್ಫಿಗರೇಟರ್ ಅನ್ನುವ ಆ್ಯಪ್‌ನಿಂದ ರಿಸ್ಟೋರ್ ಮಾಡಿದರು. ಪರದೆ ಬಂದ ಮೇಲೆ 994 ಜಿಬಿ ಅಂತ ತೋರಿಸಿತು. ಆ ಖುಷಿ ಹೇಳತೀರದು.

ಆದರೂ ಒಂದು ವಿಷಯ ಮನಸ್ಸಿಗೆ ಒಪ್ಪುವುದಿಲ್ಲ. ಈ ಫ್ಲ್ಯಾಶ್ ಚಿಪ್ ಡೇಟಾ ಬರೆದಷ್ಟೂ ಸವೆಯುವ ವಸ್ತು. ಎಂ1 ಮ್ಯಾಕ್‌ನಲ್ಲಿ ಒಳಗಿನ ಸ್ಟೋರೇಜ್ ಕೆಟ್ಟರೆ ಹೊರಗಿನ ಡಿಸ್ಕಿನಿಂದಲೂ ಬೂಟ್ ಆಗದು. ಸವೆಯುವ ಭಾಗವನ್ನು ಬಿಚ್ಚುವಂತೆ ಇಡಬೇಕು, ಅಲ್ವಾ? 2024ರ ಎಂ4 ಮಿನಿಯಲ್ಲಿ ಸ್ಟೋರೇಜ್ ಬೇರೆ ಮಾಡ್ಯೂಲ್‌ನಲ್ಲಿದೆ. ಅದು ಆಪಲ್‌ನದೇ ವಿನ್ಯಾಸದ್ದು, ಪೇಟೆಯಲ್ಲಿ ಸಿಗುವ ಮಾಮೂಲಿ ಎಂ.2 ಎಸ್‌ಎಸ್‌ಡಿ ಹೊಂದುವುದಿಲ್ಲ. ಆದರೆ ಬಿಸಿಗಾಳಿ ಬೇಡ, ಸ್ಕ್ರೂಡ್ರೈವರ್ ಸಾಕು.

ನನ್ನಂತೆ ಮಾಡಿಸಬೇಕೆಂದಿರುವವರು ವಾರಂಟಿ ಮುಗಿದ ಮೇಲೆ ಮಾಡಿಸಿ. ಬೋರ್ಡ್ ಕೆಟ್ಟರೆ ಯಾರು ಹೊಣೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಬರೀ ಫೋಟೊ, ಸಿನಿಮಾ ಇಟ್ಟುಕೊಳ್ಳಲು ಜಾಗ ಬೇಕಿದ್ದರೆ ಹೊರಗಿನ ಎಸ್‌ಎಸ್‌ಡಿಯೇ ಸಾಕು. ಸುಮ್ನೆ ಬೋರ್ಡಿಗೆ ಬಿಸಿ ಮುಟ್ಟಿಸಬೇಡಿ.