ಹೊಟ್ಟೆಯ ಕೊಬ್ಬು ತೆಗೆದು ಮಂಡಿಗೆ ಹಾಕಿಸಿಕೊಳ್ಳಲೇ?

ಮೆಟ್ಟಿಲಿಳಿಯುವಾಗ ಮಂಡಿಚಿಪ್ಪಿನ ಹಿಂದೆ ನೋವು, ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಕಟಕಟ ಸದ್ದು, ಎಂಆರ್‌ಐ ವರದಿಯಲ್ಲಿ ‘ಕಾಂಡ್ರೋಮಲೇಸಿಯಾ ಪಟೆಲ್ಲಾ, ಗ್ರೇಡ್ 3’ ಎಂಬ ಸಾಲು. ಚಿಪ್ಪಿನ ಹಿಂಬದಿಯ ಮೃದ್ವಸ್ಥಿ, ಅಂದರೆ ಮೂಳೆಗೆ ಹೊದಿಸಿದಂತಿರುವ ನುಣುಪು ಪದರ, ಆಳವಾಗಿ ಸವೆದು ಬಿರುಕು ಬಿಟ್ಟಿದೆ ಎಂದರ್ಥ. ಅದಾದ ಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಮಂಡಿಗೆ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ, ಹೌದಾ?’ ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಮೂಲಕೋಶ. ನೋವು ಕಡಿಮೆಯಾಗಬಹುದು. ಸವೆದದ್ದು ಬೆಳೆಯುತ್ತದೆ ಎನ್ನಲು ಆಧಾರ ಸಾಲದು. ಜಾಹೀರಾತುಗಳು ಈ ಎರಡನ್ನೂ ಒಂದೇ ಮಾತೆಂಬಂತೆ ಮಾರುತ್ತವೆ.

ಮಾಡುವ ಬಗೆ ಹೀಗೆ. ಹೊಕ್ಕುಳಿನ ಆಸುಪಾಸಿನ ಚರ್ಮದಡಿಗೆ ಸಲೈನ್, ಮರಗಟ್ಟಿಸುವ ಔಷಧ ಲಿಡೋಕೇಯ್ನ್, ಅಡ್ರಿನಲಿನ್ ಬೆರೆಸಿದ ದ್ರಾವಣ ತುಂಬಿ, ರಕ್ತನಾಳಗಳು ಕುಗ್ಗುವವರೆಗೆ ಕಾಯುತ್ತಾರೆ. ಆಮೇಲೆ ತೆಳು ಕೊಳವೆಯಿಂದ ಸುಮಾರು 50ರಿಂದ 100 ಮಿಲಿಲೀಟರ್ ಕೊಬ್ಬು ಎಳೆದು, ರಕ್ತ ಹೋಗುವಂತೆ ತೊಳೆದು, ಕೊಲಾಜಿನೇಸ್ ಕಿಣ್ವದ ಜೊತೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಒಂದು ಗಂಟೆ ಅಲುಗಾಡಿಸುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ತಳದಲ್ಲಿ ಸಣ್ಣ ಗಸಿ ಉಳಿಯುತ್ತದೆ. ಆ ಗಸಿಯ ಹೆಸರು ಎಸ್‌ವಿಎಫ್ (ಸ್ಟ್ರೋಮಲ್ ವ್ಯಾಸ್ಕುಲರ್ ಫ್ರ್ಯಾಕ್ಷನ್). ಅದು ಅಪ್ಪಟ ಸ್ಟೆಮ್ ಸೆಲ್ ಅಲ್ಲ. ರಕ್ತನಾಳದ ಒಳಪದರದ ಕೋಶಗಳು, ಬಿಳಿ ರಕ್ತಕಣಗಳು ಎಲ್ಲ ಸೇರಿದ ಕಲಸುಮೇಲೋಗರ, ಅದರಲ್ಲಿ ಸ್ಟೆಮ್ ಸೆಲ್ ಪಾಲು ಕೆಲವೇ ಶೇಕಡಾ. ಪ್ರಯೋಗಾಲಯದಲ್ಲಿ ಮೂರ್ನಾಲ್ಕು ವಾರ ಬೆಳೆಸಿ ಕೋಟಿಗಟ್ಟಲೆ ಮಾಡಿದ ಕೋಶಗಳು ಬೇರೆ. ಕಿಣ್ವವಿಲ್ಲದೆ ಕೊಬ್ಬನ್ನು ಪುಡಿಮಾಡಿ ಚುಚ್ಚುವುದು ಮತ್ತೂ ಬೇರೆ. ‘ಫ್ಯಾಟ್ ಸ್ಟೆಮ್ ಸೆಲ್’ ಎಂದವರನ್ನು ಈ ಮೂರರಲ್ಲಿ ಯಾವುದು ಎಂದು ಮೊದಲು ಕೇಳಿ.

ತೊಡಕುಗಳೂ ಇಲ್ಲೇ ಇವೆ. ಕೊಲಾಜಿನೇಸ್‌ನ ಕೆಲಸವೇ ಕೊಲಾಜೆನ್ ಕತ್ತರಿಸುವುದು, ಮೃದ್ವಸ್ಥಿಯ ಹಂದರವೂ ಕೊಲಾಜೆನ್ನೇ. ಗಸಿಯನ್ನು ಸರಿಯಾಗಿ ತೊಳೆಯದಿದ್ದರೆ ಕಿಣ್ವದ ಶೇಷ ಕೀಲಿಗೇ ಹೋಗುತ್ತದೆ. ಉಳಿದ ಲಿಡೋಕೇಯ್ನ್ ಕೋಶಗಳನ್ನು ಕೊಲ್ಲುತ್ತದೆ. ಹೊಟ್ಟೆಯ ಮೇಲೆ ಒಂದೆರಡು ವಾರ ಕಂದುಗಟ್ಟುವುದು, ಮಂಡಿ ಎರಡು ಮೂರು ದಿನ ಊದುವುದು ಸಾಮಾನ್ಯ. ಜ್ವರ ಬಂದು, ಮಂಡಿ ಬಿಸಿಯಾಗಿ, ಮಡಚಲಾಗದಷ್ಟು ನೋವಾದರೆ ಅದು ಕೀಲಿನ ಸೋಂಕಿರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ಇನ್ನು ಪುರಾವೆ. ದಕ್ಷಿಣ ಕೊರಿಯಾದ ವೈದ್ಯರು 2013ರಲ್ಲಿ ಮಂಡಿಚಿಪ್ಪಿನ ಇದೇ ತೊಂದರೆಗೆ ಈ ಚಿಕಿತ್ಸೆ ಮಾಡಿ ವರದಿ ಪ್ರಕಟಿಸಿದರು: ಮೂರು ತಿಂಗಳಿಗೆ ನೋವು ಶೇ 80ರಿಂದ 90 ಇಳಿಯಿತು, ಎಂಆರ್‌ಐಯಲ್ಲೂ ಸುಧಾರಣೆ ಕಂಡಿತು. ಜಾಹೀರಾತುಗಳಿಗೆ ಇಷ್ಟವಾಗುವ ಅಂಕಿ. ರೋಗಿಗಳೆಷ್ಟು? ಮೂವರು. ಹೋಲಿಕೆಗೆ ಬೇರೆ ಗುಂಪಿಲ್ಲ. ಕೋಶಗಳ ಜೊತೆ ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಪ್ಲಾಸ್ಮಾ, ಕೀಲಿಗೆ ಜಾರುವಿಕೆ ಕೊಡುವ ಹಯಲುರಾನಿಕ್ ಆಮ್ಲ ಕೂಡ ಚುಚ್ಚಿದ್ದರು. ಗುಣ ಬಂದದ್ದು ಯಾವುದರಿಂದ ಎಂದು ಹೇಗೆ ಹೇಳುವುದು? 2023ರಲ್ಲಿ ಅಮೆರಿಕದಲ್ಲಿ 475 ಜನರ ಮಂಡಿ ಸವೆತದ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಕೊಬ್ಬಿನ ಎಸ್‌ವಿಎಫ್, ಮೂಳೆಮಜ್ಜೆಯ ಸಾರ, ಹೊಕ್ಕುಳಬಳ್ಳಿಯ ಕೋಶಗಳು ಮೂರನ್ನೂ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರೆ, ವರ್ಷದ ಕೊನೆಗೆ ನೋವಿನಲ್ಲಿ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲಾಗಲಿಲ್ಲ. ಅದು ಇಡೀ ಮಂಡಿಯ ಸವೆತ, ಬರೀ ಚಿಪ್ಪಿನದ್ದಲ್ಲ, ನಿಜ. ಆದರೂ ಮೂವರ ಕತೆಗಿಂತ ಅದಕ್ಕೆ ತೂಕ ಹೆಚ್ಚು.

ನೋವು ಇಳಿಯುವುದೇಕೆ? ಈ ಕೋಶಗಳು ಮೃದ್ವಸ್ಥಿಯಾಗಿ ಮಾರ್ಪಡುವುದಕ್ಕಿಂತ ಹೆಚ್ಚಾಗಿ ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಮೃದ್ವಸ್ಥಿಯಲ್ಲಿ ನರವಿಲ್ಲ, ನೋಯುವುದು ಅದರಡಿಯ ಮೂಳೆ, ಸುತ್ತಲಿನ ಪೊರೆ, ಚಿಪ್ಪಿನ ಕೆಳಗಿನ ಕೊಬ್ಬಿನ ದಿಂಬು. ಪೊರೆಯ ಉರಿ ತಣಿದರೆ ನೋವು ತಗ್ಗುತ್ತದೆ, ಮೃದ್ವಸ್ಥಿಯ ಬಿರುಕು ಇದ್ದಲ್ಲೇ ಇರುತ್ತದೆ. ಚುಚ್ಚಿದ ದ್ರವವೂ ಬಿರುಕನ್ನೇ ಹುಡುಕಿಕೊಂಡು ಹೋಗಿ ಅಂಟುವುದಿಲ್ಲ, ಕೀಲಿನೊಳಗೆಲ್ಲ ಹರಡುತ್ತದೆ. ಅದಕ್ಕಿಂತ ಮುಖ್ಯ, ಮೆಟ್ಟಿಲು ಹತ್ತಿಳಿಯುವಾಗ ಚಿಪ್ಪಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ, ಪೂರ್ತಿ ಕುಕ್ಕರುಗಾಲಲ್ಲಿ ಕೂತಾಗ ಇನ್ನೂ ಹೆಚ್ಚು. ಚಿಪ್ಪು ಹೊರಕ್ಕೆ ವಾಲಿ ಜಾಡು ತಪ್ಪಿ ಓಡುತ್ತಿದ್ದರೆ, ಯಾವ ಕೋಶ ಹಾಕಿದರೂ ಉಜ್ಜುವುದು ನಿಲ್ಲದು.

ಹಾಗಾಗಿ ದುಡ್ಡು ಕಟ್ಟುವ ಮೊದಲು 12 ವಾರ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಕೊಡಿ. ಕಾಲು ನೆಟ್ಟಗಿಟ್ಟು ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದು, ಮಂಡಿ 45 ಡಿಗ್ರಿ ದಾಟದಂತೆ ಗೋಡೆಗೊರಗಿ ಅರೆಕೂರುವುದು. ಹತ್ತು ಹನ್ನೆರಡರಂತೆ ಮೂರು ಸುತ್ತು, ವಾರಕ್ಕೆ ಮೂರು ನಾಲ್ಕು ದಿನ. ಹತ್ತರಲ್ಲಿ ಮೂರರಷ್ಟು ನೋವು ಬಂದು ಮರುದಿನಕ್ಕೆ ಇಳಿದರೆ ಅಡ್ಡಿಯಿಲ್ಲ. ಉಳಿದರೆ ಸುತ್ತು ಕಡಿಮೆ ಮಾಡಿ. ಅಷ್ಟು ದಿನ ವಜ್ರಾಸನ ಬೇಡ. ಸಾಧ್ಯವಿದ್ದರೆ ಭಾರತೀಯ ಶೈಲಿಯ ಶೌಚಾಲಯವೂ ಬೇಡ. ಬಹಳಷ್ಟು ಮಂದಿ ಈ ಹಂತವನ್ನು ಎರಡೇ ವಾರಕ್ಕೆ ಬಿಟ್ಟು ‘ವ್ಯಾಯಾಮ ಆಗಿ ಬರಲಿಲ್ಲ’ ಎನ್ನುತ್ತಾರೆ.

ನಮ್ಮ ದೇಶದ ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಸ್ಟೆಮ್ ಸೆಲ್ ಬಳಕೆಯೆಲ್ಲ ಸಂಶೋಧನೆ ಮಾತ್ರ. ಕೊಬ್ಬನ್ನು ‘ಮುಂದಕ್ಕೆ ಬೇಕಾಗುತ್ತದೆ’ ಎಂದು ದುಡ್ಡು ಪಡೆದು ಶೇಖರಿಸಿಡುವುದಕ್ಕೂ ಅದರಲ್ಲಿ ಅನುಮತಿಯಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸುವ, 2022ರಲ್ಲಿ ಮಂಡಿ ಸವೆತಕ್ಕೆ ಮಾರುಕಟ್ಟೆಗೆ ಬಂದ ಸ್ಟೆಮ್‌ಒನ್ ಹೆಸರನ್ನು ಕೆಲವರು ಸಾಕ್ಷಿಯಾಗಿ ತರುತ್ತಾರೆ. ಅದು ಔಷಧ ನಿಯಂತ್ರಕರ ಒಪ್ಪಿಗೆ ಪಡೆದದ್ದು ಹೌದು. ಆದರೆ ದಾನಿಗಳ ಮೂಳೆಮಜ್ಜೆಯ ಕೋಶ ಅದು, ನಿಮ್ಮ ಹೊಟ್ಟೆಯ ಕೊಬ್ಬಲ್ಲ.

‘ನಮ್ಮದು ಪ್ರಯೋಗದ ಭಾಗ’ ಎಂದರೆ, ದೇಶದ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ನೋಂದಣಿ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ, ಮನೆಗೆ ಬಂದು ಅದರ ಜಾಲತಾಣದಲ್ಲಿ ಹುಡುಕಿ. ಆ ನಮೂದಿನಲ್ಲಿ ನಿಮ್ಮ ತೊಂದರೆಯ ಹೆಸರು, ಆ ಆಸ್ಪತ್ರೆಯ ಹೆಸರು ಎರಡೂ ಇರಬೇಕು. ಪ್ರಯೋಗದ ಹೆಸರಿನಲ್ಲಿ ಲಕ್ಷದ ಬಿಲ್ ಕೈಗಿಟ್ಟರೆ ಎದ್ದು ಬನ್ನಿ. ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ.